ಜಿಗಿಯುವವರ ಕಾಲು ನೋಡುವ ಕೆಲಸ

ಮದುವೆ ಮನೆಗೆ ಹೋದರೆ ಎಲ್ಲರೂ ಮದುಮಗಳ ಸೀರೆ ನೋಡುತ್ತಾರೆ, ಇಲ್ಲವೇ ಊಟದ ಪಂಕ್ತಿ ಎಲ್ಲಿಗೆ ಬಂತೆಂದು ನೋಡುತ್ತಾರೆ. ನಾನು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ರಾಶಿ ನೋಡುತ್ತ ನಿಲ್ಲುತ್ತೇನೆ. ಯಾರ ಹಿಮ್ಮಡಿ ಒಂದೇ ಕಡೆ ಸವೆದಿದೆ, ಯಾರು ಲೇಸು ಬಿಚ್ಚದೆ ಕಾಲು ತೂರಿಸುವ ಸೋಮಾರಿ, ಯಾರು ಮಗನ ಷೂ ಮೆಟ್ಟಿಕೊಂಡು ಬಂದಿದ್ದಾರೆ, ಎಲ್ಲ ಅಲ್ಲೇ ಗೊತ್ತಾಗಿಬಿಡುತ್ತದೆ. ನನ್ನ ಹೆಂಡತಿ ಶಾಂತಾಳಿಗೆ ಇದೊಂದು ದೊಡ್ಡ ನಾಚಿಕೆ. “ಚಪ್ಪಲ್ ಕದೀಲಿಕ್ಕೆ ಬಂದಾನ ಅಂತ ತಿಳ್ಕೋತಾರ್ರಿ ಮಂದಿ, ಒಳಗ ನಡೀರಿ” ಎಂದು ತೋಳು ಹಿಡಿದು ಎಳೆಯುತ್ತಾಳೆ.

ಅವಳಿಗೆ ನಾಚಿಕೆಯಾದರೇನು, ನನ್ನ ಅನ್ನ ಬಂದದ್ದು ಕಾಲು ನೋಡಿಯೇ. ಮೊದಲು ಸೈನ್ಯದಲ್ಲಿ ಪ್ಯಾರಾಶೂಟ್ ಜಿಗಿತದ ತರಬೇತಿ ಕೊಡುತ್ತಿದ್ದೆ. ಅಲ್ಲಿಂದ ಬಿಡುಗಡೆಯಾದ ಮೇಲೆ ಹೈದರಾಬಾದಿನ ಹೊರವಲಯದಲ್ಲಿ, ಸಣ್ಣ ವಿಮಾನಗಳು ಇಳಿಯುವ ಒಂದು ಖಾಸಗಿ ಮೈದಾನದಲ್ಲಿ ನಡೆಯುತ್ತಿದ್ದ ಜಿಗಿತದ ಕ್ಲಬ್ಬಿಗೆ ಸೇರಿದೆ. ಆಕಾಶದಿಂದ ಮೊದಲ ಸಲ ಜಿಗಿಯಲು ಬಂದವರಿಗೆ ನೆಲದ ಮೇಲೆ ಪಾಠ ಹೇಳಿ, ಮೈಮೇಲಿನ ಪಟ್ಟಿಗಳನ್ನೂ ಕಾಲಿನ ಷೂಗಳನ್ನೂ ಪರೀಕ್ಷಿಸಿ ವಿಮಾನಕ್ಕೆ ಕಳಿಸುವುದು ನನ್ನ ಕೆಲಸವಾಗಿತ್ತು. ಈಗ ಅದನ್ನೂ ಬಿಟ್ಟು ಮಲ್ಕಾಜ್‌ಗಿರಿಯ ಮನೆಯಲ್ಲಿ ಕುಳಿತಿದ್ದೇನೆ. ನನ್ನ ಜಾಗಕ್ಕೆ ಬಂದ ಹುಡುಗರು ಆಗಾಗ ಫೋನ್ ಮಾಡಿ ‘ಯಾವ ಷೂ ನಡೀತಾವ, ಯಾವ ಷೂ ನಡಿಯೂದಿಲ್ಲ?’ ಎಂದು ಕೇಳುತ್ತಾರೆ. ಒಂದೇ ಮಾತಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಬರೆಯಲು ಕೂತೆ.

ಈ ಬರಹದಲ್ಲಿ ಹಲವರು ಬಂದು ಹೋಗುತ್ತಾರೆ. ಆದರೆ ನಾನು ಹೇಳಬೇಕೆಂದಿರುವುದು ಸುಮಂಗಲಾ ಟೀಚರ್ ವಿಷಯ. ಕಲಬುರಗಿ ಕಡೆಯವರು, ಉಪ್ಪಲ್‌ನ ಒಂದು ಶಾಲೆಯಲ್ಲಿ ಗಣಿತ ಹೇಳುತ್ತಿದ್ದರು. ಗಂಡ ಶಿವಶರಣಪ್ಪ ರೈಲ್ವೆ ನೌಕರ. ಬೇಸಿಗೆ ಮುಗಿದ ಹೊತ್ತಿಗೆ ಒಂದು ಭಾನುವಾರ ಇಬ್ಬರೂ ಕ್ಲಬ್ಬಿಗೆ ಬಂದರು. ಜಿಗಿಯುವವರು ಗಂಡಸರೇ ಇರಬೇಕೆಂದು ನಾನು ಶಿವಶರಣಪ್ಪನವರ ಕಾಲು ನೋಡಿದೆ. ಅವರು ಮೆಲ್ಲಗೆ ಹಿಂದೆ ಸರಿದು, “ನಾ ಅಲ್ರಿ, ನಮ್ಮ ಮನ್ಯಾಕಿ” ಎಂದರು.

ಸಾಮಾನ್ಯವಾಗಿ ಹೊಸಬರು ತರಬೇತಿದಾರನ ಎದೆಗೆ ಕಟ್ಟಿಕೊಂಡು ಜಿಗಿಯುತ್ತಾರೆ. ಟೀಚರಿಗೆ ಅದು ಬೇಡ. ಒಬ್ಬರೇ ಜಿಗಿಯಬೇಕು. ಅದಕ್ಕೂ ದಾರಿ ಇತ್ತು. ಪ್ಯಾರಾಶೂಟಿನ ಚೀಲದಿಂದ ಒಂದು ಪಟ್ಟಿಯನ್ನು ವಿಮಾನಕ್ಕೆ ಸಿಕ್ಕಿಸಿರುತ್ತಾರೆ, ಜಿಗಿದ ಕೂಡಲೇ ಅದು ಎಳೆದು ಪ್ಯಾರಾಶೂಟ್ ತಾನೇ ಬಿಚ್ಚಿಕೊಳ್ಳುತ್ತದೆ, ಕೆಳಗಿನಿಂದ ನಾವು ವಾಕಿಟಾಕಿಯಲ್ಲಿ ಎಡಕ್ಕೆ ಬಲಕ್ಕೆ ಎಂದು ಹೇಳಿ ಇಳಿಸುತ್ತೇವೆ. ಆದರೆ ಐವತ್ತು ತುಂಬಿದ ಹೊಸಬರನ್ನು ಹೀಗೆ ಒಬ್ಬರನ್ನೇ ಬಿಡುವುದಿಲ್ಲವೆಂದು ನಮ್ಮ ಕ್ಲಬ್ಬಿನ ನಿಯಮ. ಟೀಚರಿಗೆ ಐವತ್ತು ತುಂಬುವುದು ದಸರೆ ಮುಗಿದ ವಾರ. ಅಷ್ಟರೊಳಗೆ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ನನಗೆ ಕುತೂಹಲ ತಡೆಯಲಿಲ್ಲ. ಇಷ್ಟು ವರ್ಷ ಸುಮ್ಮನಿದ್ದವರಿಗೆ ಈಗೇನು, ಅದೂ ಒಬ್ಬರೇ ಯಾಕೆ ಎಂದು ಕೇಳಿಯೇಬಿಟ್ಟೆ. ಅವರು ಕ್ಲಾಸಿನಲ್ಲಿ ಲೆಕ್ಕ ಬಿಡಿಸುವವರ ಹಾಗೆ ಹೇಳಿದರು. “ತವರುಮನ್ಯಾಗ ಒಂದು ಖೋಲಿ, ಐದು ಮಂದಿ ಅಕ್ಕ-ತಂಗೇರು. ಆಮ್ಯಾಲ ಹಾಸ್ಟೆಲ್ ಆತು. ಆಮ್ಯಾಲ ಅತ್ತಿ, ಮಾವ, ನಾದಿನಿ, ಮಕ್ಕಳು. ಸಾಲ್ಯಾಗಂತೂ ಕೇಳಬ್ಯಾಡ್ರಿ. ಎಲ್ಲಾರೂ ಚಲೋ ಮಂದೀನ, ಯಾರ ಮ್ಯಾಲೂ ಸಿಟ್ಟಿಲ್ಲ. ಆದರ ನಾ ಒಬ್ಬಾಕೀನ ಇದ್ದದ್ದು ಅಂತ ಒಂದು ಘಳಿಗಿ ನೆನಪಿಲ್ರಿ ಸರ್. ನೆಲದ ಮ್ಯಾಲ ಅಂತೂ ಜಾಗ ಸಿಗಲಿಲ್ಲ.” ಪಕ್ಕದಲ್ಲಿ ಶಿವಶರಣಪ್ಪ ತಲೆ ಆಡಿಸುತ್ತಿದ್ದರು. ಜಿಗಿಯಲು ಬಂದವರು ಹುಟ್ಟುಹಬ್ಬ ಎಂದಿದ್ದಾರೆ, ಪಂದ್ಯ ಕಟ್ಟಿದ್ದೇವೆ ಎಂದಿದ್ದಾರೆ, ಹುಡುಗಿ ಬಿಟ್ಟು ಹೋದಳು ಎಂದವರೂ ಇದ್ದಾರೆ. ಈ ಕಾರಣ ನಾನು ಮೊದಲ ಸಲ ಕೇಳಿದ್ದು. ನನಗೆ ಬಹಳ ಹಿಡಿಸಿತು.

ಹಿಡಿಸಿದರೇನು, ಕಾಲು ನೋಡಿದರೆ ಮಗನ ಷೂ. ಒಳಗೆ ಎರಡು ಜೊತೆ ಸಾಕ್ಸ್ ತುರುಕಿ ಬಿಗಿ ಮಾಡಿಕೊಂಡಿದ್ದರು. ಎತ್ತರದ ಬೆಂಚಿನ ಮೇಲೆ ಕೂರಿಸಿ ಹಿಮ್ಮಡಿ ಹಿಡಿದು ಎಳೆದೆ, ಷೂ ಪೂರ್ತಿ ನನ್ನ ಕೈಗೇ ಬಂತು. ಅವರು ಸಾಕ್ಸ್‌ನ ಕಾಲು ಅಲ್ಲಾಡಿಸಿ ನಕ್ಕರು. ನೆಲದ ಪಾಠ ಮಾತ್ರ ಮಾಡಿಸಿ, ಸ್ವಂತ ಷೂ ತನ್ನಿ ಎಂದು ಕಳಿಸಿದೆ.

ಹಿಮ್ಮಡಿ ಹಿಡಿದು ಎಳೆದು ನೋಡುವುದನ್ನು ನನಗೆ ಕಲಿಸಿದವರು ಸೈನ್ಯದ ನನ್ನ ಮೊದಲ ಸುಬೇದಾರರು. ಗುಡ್ಡಗಾಡಿನವರು, ಮಾತು ಕಡಿಮೆ, ಬೈಗುಳ ಹೆಚ್ಚು. ಕಣ್ಣಿನಿಂದ ಷೂ ನೋಡುವವನನ್ನು ಕಂಡರೆ ಅವರಿಗಾಗದು. “ಕಣ್ಣು ಪಾಲಿಶ್ ನೋಡುತ್ತದೆ, ಕೈ ಷೂ ನೋಡುತ್ತದೆ” ಎಂದು ಹಿಂದಿಯಲ್ಲಿ ಗುಡುಗುತ್ತಿದ್ದರು. ಆಗ ನಾವು ಜಿಗಿಯುತ್ತಿದ್ದದ್ದು ಗುಂಡನೆಯ ಹಳೇ ಪ್ಯಾರಾಶೂಟಿನಲ್ಲಿ. ಅದು ಮನುಷ್ಯನನ್ನು ಇಳಿಸುತ್ತಿರಲಿಲ್ಲ, ಜೋಳದ ಚೀಲದ ಹಾಗೆ ಒಗೆಯುತ್ತಿತ್ತು. ಕಾಲು ಜೋಡಿಸಿ ನೆಲಕ್ಕೆ ಬಿದ್ದು ಪಕ್ಕಕ್ಕೆ ಉರುಳಬೇಕು. ಆದ್ದರಿಂದ ಹರಡಿನ, ಅಂದರೆ ಪಾದದ ಕೀಲಿನ, ಮೇಲಿನ ತನಕ ಬರುವ ಗಟ್ಟಿ ಬೂಟು ಬೇಕೇ ಬೇಕಿತ್ತು.

ನಂತರ ಚೌಕದ ಪ್ಯಾರಾಶೂಟ್ ಬಂತು. ಅದು ರೆಕ್ಕೆಯ ಹಾಗೆ ತೇಲುತ್ತದೆ, ಕೊನೆಗೆ ಕೈಯ ಹಿಡಿಗಳನ್ನು ಕೆಳಗೆಳೆದರೆ ವೇಗ ಕಳೆದುಕೊಂಡು ನಿಲ್ಲಿಸುತ್ತದೆ. ಆಗ ಗಟ್ಟಿ ಬೂಟು ಬೇಕೇ ಬೇಡವೇ ಎಂಬ ವಾದ ಶುರುವಾಯಿತು. ಹರಡಿಗೆ ಆಸರೆ ಬೇಕು ಎಂದು ಹಳಬರು, ಕಾಲಿಗೆ ನೆಲ ತಿಳಿಯಬೇಕು, ಹಗುರ ಷೂ ಸಾಕು ಎಂದು ಹೊಸಬರು. ನಾನು ಎರಡನ್ನೂ ಹಾಕಿ ನೋಡಿದೆ. ಗಟ್ಟಿ ಬೂಟಿನಲ್ಲಿ ಇಳಿದಾಗ ಹರಡು ಉಳಿಯಿತು, ಮಂಡಿ ಬೈಯಿತು. ಹಗುರ ಷೂನಲ್ಲಿ ಹುಲ್ಲಿನ ಮೇಲೆ ಓಡಿ ನಿಂತೆ, ಆದರೆ ಕಲ್ಲಿನ ಮೇಲೆ ಇಳಿದ ದಿನ ಅಮ್ಮನನ್ನು ನೆನೆದೆ. ಈಗಲೂ ಯಾರಾದರೂ ಒಂದೇ ಉತ್ತರ ಗೊತ್ತಿದೆ ಎಂದರೆ ನನಗೆ ಅನುಮಾನ. ಇಳಿಯುವ ನೆಲ ಯಾವುದು ಎಂದು ಮೊದಲು ಕೇಳಿ, ಆಮೇಲೆ ಷೂ ವಿಷಯ ಮಾತಾಡಿ.

ಟೀಚರ್ ಎರಡನೇ ಸಲ ಬಂದಾಗ ಕಾಲಲ್ಲಿ ಹೊಚ್ಚಹೊಸ ಬೆಟ್ಟ ಹತ್ತುವ ಬೂಟು. ಸಿಕಂದರಾಬಾದಿನ ಅಂಗಡಿಯಲ್ಲಿ ‘ವಿಮಾನದಿಂದ ಜಿಗಿಯಲಿಕ್ಕೆ ಎಲ್ಲಕ್ಕಿಂತ ಗಟ್ಟಿ ಯಾವುದು’ ಎಂದು ಕೇಳಿ ತಂದಿದ್ದರಂತೆ. ಅಂಗಡಿಯವನು ಗಾಬರಿಯಾಗಿ ಒಳಗಿನಿಂದ ಇದನ್ನು ತೆಗೆದು ಕೊಟ್ಟಿದ್ದ. ನೋಡಲು ಬಹಳ ಭದ್ರ. ಆದರೆ ಲೇಸು ಸಿಕ್ಕಿಸುವಲ್ಲಿ ರಂಧ್ರದ ಬದಲು ಲೋಹದ ಕೊಕ್ಕೆಗಳಿದ್ದವು. ನಾನು ಬೇಡವೆಂದೆ.

“ಯಾಕ್ರಿ ಸರ್? ಇಷ್ಟು ಚಂದ ಅದಾವಲ್ರಿ” ಎಂದರು. ಬಾಯಲ್ಲಿ ಹೇಳಿದರೆ ಟೀಚರುಗಳು ನಂಬುವುದಿಲ್ಲ. ಷೆಡ್ಡಿನಲ್ಲಿ ತೂಗುಹಾಕಿದ ಪಟ್ಟಿಗಳಲ್ಲಿ ಅವರನ್ನು ಕೂರಿಸಿ, ಪ್ಯಾರಾಶೂಟಿನ ಹಗ್ಗಗಳನ್ನು ಮುಂದೆ ಇಳಿಬಿಟ್ಟು, ಕಾಲು ಝಾಡಿಸಿ ಎಂದೆ. ಮೂರು ಸಲ ಏನೂ ಆಗಲಿಲ್ಲ. ನಾಲ್ಕನೇ ಸಲ ಒಂದು ಹಗ್ಗ ಕೊಕ್ಕೆಗೆ ಸಿಕ್ಕಿತು. ಬಿಡಿಸಿಕೊಳ್ಳಲು ಕಾಲು ಎಳೆದಷ್ಟೂ ಬಿಗಿಯಾಯಿತು. ಜಿಗಿದಾಗ ಮೈ ತಿರುಗಿ ಕಾಲು ಮೇಲಾದರೆ, ಆ ಹೊತ್ತಿಗೆ ಹಗ್ಗಗಳು ಬಿಚ್ಚಿಕೊಳ್ಳುತ್ತಿದ್ದರೆ, ಇದೇ ಆಗುವುದು. ಟೀಚರ್ ಆ ಹಗ್ಗವನ್ನೇ ನೋಡುತ್ತ ತೂಗಾಡುತ್ತಿದ್ದರು. “ಇನ್ನೊಮ್ಮಿ ಮಾಡಿ ನೋಡ್ಲ್ಯಾ?” ಎಂದು ಕೇಳಿದರು. ನನಗಿಂತ ಕುತೂಹಲದ ಮನುಷ್ಯರು ಇರುತ್ತಾರೆಂದು ಅವತ್ತು ಗೊತ್ತಾಯಿತು.

ಜನ ಏನೇನು ಹಾಕಿಕೊಂಡು ಬರುತ್ತಿದ್ದರೆಂದು ಹೇಳಿದರೆ ನಗುತ್ತೀರಿ. ಮದುವೆಯಾದ ಮರುದಿನ ಜರಿಯ ಮೋಜಡಿಯಲ್ಲೇ ಬಂದ ವರ, ಎತ್ತರದ ಹಿಮ್ಮಡಿಯ ಮೇಲೆ ಡಾಂಬರು ದಾಟಲಾಗದೆ ತಂದೆಯ ಕೈ ಹಿಡಿದು ಬಂದ ಹುಡುಗಿ, ರಬ್ಬರ್ ಚಪ್ಪಲಿಗೆ ದಾರ ಕಟ್ಟಿಕೊಂಡು ‘ಈಗ ಬೀಳೂದಿಲ್ಲ’ ಎಂದ ಇಂಜಿನಿಯರ್. ಒಮ್ಮೆ ನಾನು ರಜೆಯಲ್ಲಿದ್ದಾಗ, ಲೇಸಿಲ್ಲದ ಆಫೀಸ್ ಷೂನಲ್ಲಿ ಒಬ್ಬರನ್ನು ತರಬೇತಿದಾರನ ಎದೆಗೆ ಕಟ್ಟಿ ಕಳಿಸಿಬಿಟ್ಟರು. ಮನುಷ್ಯ ಕ್ಷೇಮವಾಗಿ ಇಳಿದ, ಬಲಗಾಲಿನ ಷೂ ಇಳಿಯಲಿಲ್ಲ. ಸಂಜೆ ಪಕ್ಕದ ಹಳ್ಳಿಯ ರೈತ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಂದು, “ಇದಿ ಎವರಿದಿ ಸಾರ್? ಪೈನುಂಚಿ ಪಡಿಂದಿ” ಎಂದು ತೆಲುಗಿನಲ್ಲಿ ಕೇಳಿದ. ಮೇಲಿನಿಂದ ಬಿತ್ತಂತೆ, ಎಮ್ಮೆ ಕಟ್ಟುವ ತಗಡಿನ ಮಾಡಿನ ಮೇಲೆ. ಎಮ್ಮೆ ಆ ಹೊತ್ತು ಹಾಲು ಕೊಡಲಿಲ್ಲವಂತೆ. ಎಮ್ಮೆಯ ಬದಲು ಅವನ ತಲೆ ಇದ್ದಿದ್ದರೆ ಎಂದು ನಮ್ಮ ಮ್ಯಾನೇಜರ್ ಕ್ಯಾಪ್ಟನ್ ಸಾಹೇಬರು ಬೆವತುಹೋದರು.

ಆ ಘಟನೆಯಾದ ಮೇಲೆ ಅವರಿಗೊಂದು ಉಪಾಯ ಹೊಳೆಯಿತು. ಕ್ಲಬ್ಬೇ ಎಲ್ಲ ಅಳತೆಯ ಷೂಗಳನ್ನು ಇಟ್ಟು, ಬಂದವರಿಗೆ ಕೊಟ್ಟು, ಮತ್ತೆ ವಾಪಸ್ ತೆಗೆದುಕೊಂಡರೆ ತಂಟೆಯೇ ಇಲ್ಲವಲ್ಲ! ಒಂದು ಕಪಾಟಿನ ತುಂಬ ಒಳ್ಳೆಯ ಷೂಗಳು ಬಂದವು. ತೊಳೆದು, ಔಷಧಿ ಹೊಡೆದು, ಸಾಲಾಗಿ ಇಟ್ಟೆವು. ಒಬ್ಬರೂ ಮುಟ್ಟಲಿಲ್ಲ. ಬೇರೆಯವರು ಮೆಟ್ಟಿದ್ದನ್ನು ಮೆಟ್ಟಿದರೆ ಅವರ ಶನಿ ನಮ್ಮ ಹೆಗಲೇರುತ್ತದೆ ಎಂಬ ಮಾತು ಯಾರ ಮನೆಯಲ್ಲಿ ಕೇಳಿಲ್ಲ ಹೇಳಿ. ಗುಡಿಯಲ್ಲಿ ಚಪ್ಪಲಿ ಕಳೆದರೆ ಶನಿ ಕಳೆಯಿತೆಂದು ಖುಷಿಪಡುವ ಜನ ನಾವು. ರಾಯಚೂರಿನ ಒಬ್ಬ ವ್ಯಾಪಾರಿ ನೇರವಾಗಿಯೇ ಕೇಳಿದರು: “ಇದನ್ನ ಹಾಕ್ಕೊಂಡಾಂವ ಚಲೋತ್ನಾಗ ಇಳದಾನೋ ಇಲ್ಲೋ, ಮೊದಲ ಅದನ್ನ ಹೇಳ್ರಿ.” ಇಳಿದಿದ್ದಾರೆ ಎಂದೆ. “ಹಂಗಾದ್ರ ಅವನ ಶನಿ ಇದರಾಗ ಉಳದೈತಿ” ಎಂದು ಷೂ ವಾಪಸ್ ಇಟ್ಟರು. ವಿಮಾನದಿಂದ ಜಿಗಿಯಲು ಹೆದರದವರು ಶನಿಗೆ ಹೆದರುತ್ತಿದ್ದರು. ಕಪಾಟಿಗೆ ಬೀಗ ಬಿತ್ತು.

ಅದಕ್ಕಿಂತ ಕಷ್ಟದ ಸಮಸ್ಯೆ ಬೇರೆ ಇತ್ತು. ಸೈನ್ಯದಲ್ಲಿ ಜವಾನನ ಬೂಟು ಹಿಡಿದು ಎಳೆದರೆ ಅವನು ಕಲ್ಲಿನ ಹಾಗೆ ನಿಲ್ಲುತ್ತಿದ್ದ. ಕ್ಲಬ್ಬಿನಲ್ಲಿ ನಾನು, ನರೆತ ಮೀಸೆಯವನು, ಬಗ್ಗಿ ಕೈ ಚಾಚಿದರೆ ಜನ ಹಾವು ಕಂಡವರಂತೆ ಹಾರುತ್ತಿದ್ದರು. ಹಿರಿಯರು ಬಂದು ಕಾಲು ಮುಟ್ಟಿದರೆ ಆಯುಷ್ಯ ಕಡಿಮೆಯಾಗುತ್ತದಂತೆ. ಉಡುಪಿಯ ಕಡೆಯ ಐಟಿ ಹುಡುಗಿಯೊಬ್ಬಳು “ಅಯ್ಯೋ ಬೇಡ ಮಾರಾಯ್ರೆ, ನಮ್ಮಪ್ಪನ ಪ್ರಾಯ ನಿಮ್ಗೆ” ಎಂದು ಕಾಲು ಹಿಂದಕ್ಕೆಳೆದು, ಪಾಪ ಪರಿಹಾರಕ್ಕೆ ನನ್ನ ಕಾಲನ್ನೇ ಮುಟ್ಟಲು ಬಗ್ಗಿದಳು. ಇಬ್ಬರ ತಲೆಗಳೂ ಢಿಕ್ಕಿ ಹೊಡೆದವು. ಅವಳು ಹೆಲ್ಮೆಟ್ ಹಾಕಿದ್ದಳು, ನನಗೆ ಇರಲಿಲ್ಲ.

ಹಣೆಯ ಬುಗುಟು ಉಜ್ಜಿಕೊಳ್ಳುತ್ತ ನಾನೊಂದು ಎತ್ತರದ ಬೆಂಚು ಮಾಡಿಸಿದೆ. ಜಿಗಿಯುವವರು ಅದರ ಮೇಲೆ ಕೂರಬೇಕು, ಅವರ ಕಾಲು ನನ್ನ ಸೊಂಟದ ಎತ್ತರಕ್ಕೆ ಬರುತ್ತದೆ, ನಾನು ನಿಂತೇ ಷೂ ಎಳೆದು ನೋಡಬಹುದು. ಬಗ್ಗದೆ ಮುಟ್ಟಿದರೆ ಅದು ಕಾಲು ಮುಟ್ಟಿದಂತಲ್ಲ ಎಂದು ಎಲ್ಲರೂ ಒಪ್ಪಿಬಿಟ್ಟರು! ಇದು ಯಾಕೆ ಹೀಗೆ ಎಂದು ನಾನು ಈಗಲೂ ಯೋಚಿಸುತ್ತೇನೆ. ಬೆಂಚು ಮಾತ್ರ ಭಾರವಾಗಿತ್ತು, ಹೊರಗೆ ಒಯ್ಯಲಾಗುತ್ತಿರಲಿಲ್ಲ. ಷೆಡ್ಡಿನೊಳಗೇ ಷೂ ಪರೀಕ್ಷೆ ಮುಗಿಸಿ, ಜನರನ್ನು ವಿಮಾನದ ಕಡೆಗೆ ನಡೆಸುತ್ತಿದ್ದೆವು.

ಇನ್ನು ಟೀಚರ್ ವಿಷಯ. ಮೂರನೆಯ ಸಲ ಅವರು ತಂದದ್ದು ಸರಿಯಾದ ಷೂ. ಓಡಲು ಹಾಕುವಂಥದ್ದು, ಸ್ವಂತದ್ದು, ಮುಂದೆ ಬೆರಳಿಗೆ ಸ್ವಲ್ಪ ಜಾಗ, ಹಿಂದೆ ಹಿಮ್ಮಡಿ ಅಲುಗಾಡದಷ್ಟು ಬಿಗಿ. ಅಡಿ ಚಪ್ಪಟೆ, ಆಳವಾದ ಹಲ್ಲುಗಳಿಲ್ಲ. ಹಲ್ಲು ಹೆಚ್ಚಾದರೆ ನೆಲವನ್ನು ಕಚ್ಚಿ ಹಿಡಿಯುತ್ತದೆ, ಷೂ ನಿಂತು ಮನುಷ್ಯ ಮುಂದೆ ಹೋಗುತ್ತಾನೆ, ನಡುವೆ ಹರಡು ತಿರುಚುತ್ತದೆ. ಕೊಕ್ಕೆ ಇಲ್ಲ, ಲೇಸು ಎರಡು ಗಂಟು, ತುದಿಗಳು ಒಳಗೆ. ಹೊಸ ಷೂ ಕಚ್ಚಬಾರದೆಂದು ಅದನ್ನೇ ಹಾಕಿಕೊಂಡು ದಿನಾ ಶಾಲೆಗೆ ಹೋಗಿದ್ದರು, ಸೀರೆಯ ಕೆಳಗೆ. ಹುಡುಗಿಯರು ನಕ್ಕರಂತೆ, ನಗಲಿ ಬಿಡಿ ಎಂದರು. ಇಷ್ಟೆಲ್ಲ ಆದ ಮೇಲೆ ಮಳೆ ಹಿಡಿಯಿತು. ಭಾನುವಾರದ ಮೇಲೆ ಭಾನುವಾರ ಮೋಡ. ಗಂಡ ಹೆಂಡತಿ ಬಂದು ಡಬ್ಬಿಯ ಅವಲಕ್ಕಿ ತಿಂದು, ನಮಗೂ ಕೊಟ್ಟು, ಆಕಾಶ ನೋಡಿ ಹೋಗುತ್ತಿದ್ದರು.

ಕೊನೆಗೆ ಉಳಿದದ್ದು ಆಯುಧ ಪೂಜೆಯ ದಿನ. ಅದು ಭಾನುವಾರ ಬಿದ್ದಿತ್ತು. ಮುಂದಿನ ಭಾನುವಾರಕ್ಕೆ ಟೀಚರಿಗೆ ಐವತ್ತು ತುಂಬಿರುತ್ತಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು. ಬೆಳಿಗ್ಗೆ ಪುರೋಹಿತರು ಬಂದು ವಿಮಾನಕ್ಕೆ ಅರಿಸಿನ ಕುಂಕುಮ ಹಚ್ಚಿದರು, ಹತ್ತುವ ಮೆಟ್ಟಿಲಿಗೆ ಹೂವಿಟ್ಟರು, ಕೆಳಗೆ ಯಾರೋ ರಂಗೋಲಿ ಹಾಕಿದರು. ಪಂಖದ ಹಾರವನ್ನು ಪೈಲಟ್ ರೆಡ್ಡಿ ತಾನೇ ಕೈಮುಗಿದು ತೆಗೆದ. ಕುಂಬಳಕಾಯಿ ಒಡೆದ ಚೂರುಗಳನ್ನು ರನ್‌ವೇಯಿಂದ ಒಂದೊಂದಾಗಿ ಆರಿಸಿದ. ಗಾಳಿ ತೋರಿಸಲು ಕಂಬಕ್ಕೆ ಕಟ್ಟಿದ ಗಾಳಿಚೀಲ ಸೋತು ತೂಗುತ್ತಿತ್ತು, ಅಂದರೆ ಗಾಳಿ ಇಲ್ಲ. ಬೆಂಚಿನ ಮೇಲೆ ಟೀಚರ ಷೂ ಎಳೆದು ನೋಡಿದೆ. ಭದ್ರವಾಗಿತ್ತು.

ಅವರ ಜೊತೆ ಇನ್ನಿಬ್ಬರು ಹುಡುಗರಿದ್ದರು. ವಿಮಾನದೊಳಗೆ ಇದ್ದು ಜಿಗಿಸುವವನು ಇಮ್ರಾನ್, ನನ್ನ ಕೈಕೆಳಗೆ ಕಲಿತ ಹೈದರಾಬಾದಿ. ನಾನು ವಾಕಿಟಾಕಿ ಹಿಡಿದು ಇಳಿಯುವ ಮೈದಾನದ ಅಂಚಿಗೆ ಹೋದೆ. ವಿಮಾನ ಓಡಿತು, ಎದ್ದಿತು. ಹಿಂದಿನಿಂದ ಯಾರೋ ಓಡಿಬರುವ ಸದ್ದು. ತಿರುಗಿದರೆ ಶಿವಶರಣಪ್ಪ, ಎರಡೂ ಕೈಯಲ್ಲಿ ಒಂದೊಂದು ಷೂ.

“ಸರ್, ಇವು ನಮ್ಮ ಮನ್ಯಾಕೀವ್ರಿ. ರಂಗೋಲಿ ಬಾಜೂಕ ಬಿಟ್ಟಾಳ್ರಿ.”

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಆಮೇಲೆ ಕಣ್ಣಿಗೆ ಕಟ್ಟಿತು. ಅರಿಸಿನ ಕುಂಕುಮದ ಮೆಟ್ಟಿಲು, ಕೆಳಗೆ ರಂಗೋಲಿ, ಮೇಲೆ ಹೂವು. ಅಂಥ ಕಡೆ ಯಾವ ಹೆಣ್ಣುಮಗಳು ಷೂ ಹಾಕಿ ಕಾಲಿಡುತ್ತಾಳೆ? ಎರಡು ಗಂಟು ಬಿಚ್ಚಿ, ಜೋಡಿಸಿಟ್ಟು, ಸಾಕ್ಸ್‌ನಲ್ಲಿ ಹತ್ತಿಬಿಟ್ಟಿದ್ದರು. ಹುಡುಗರಿಬ್ಬರು ಮುಂಚೆಯೇ ಹತ್ತಿದ್ದರು, ಇಮ್ರಾನ್ ಒಳಗೆ ಅವರ ಪಟ್ಟಿ ಸಿಕ್ಕಿಸುತ್ತಿದ್ದ. ನೋಡಿದವರಿದ್ದರೂ ಅವರಿಗೆ ಅದು ವಿಚಿತ್ರವೆನಿಸುತ್ತಿರಲಿಲ್ಲ.

ವಾಕಿಟಾಕಿಯಲ್ಲಿ ಕೂಗಿದೆ. ಮೇಲಿನಿಂದ ಇಮ್ರಾನನ ದನಿ ಬಂತು. “ಹೌ ಸಾಬ್, ಮೇಡಮ್ ಕೆ ಪಾವಾಂ ಮೆ ಜೂತೇಚ್ ನೈ!” ಮೇಡಮ್ ಕಾಲಲ್ಲಿ ಷೂಗಳೇ ಇಲ್ಲವಂತೆ. ಆಮೇಲೆ ಟೀಚರ ದನಿಯೇ ಬಂತು, ಇಮ್ರಾನನ ಕೈಯಿಂದ ಕಿತ್ತುಕೊಂಡಿರಬೇಕು. “ಸರ್, ನಾ ಹಂಗ ಜಿಗೀತೀನ್ರಿ. ಸಣ್ಣಾಕಿದ್ದಾಗ ಹೊಲದಾಗ ಬರಿಗಾಲಾಗ ಓಡ್ಯಾಡೀನಿ. ಇವತ್ತ ಬಿಟ್ರ ಇನ್ನ ಇಲ್ರಿ.”

ಅದು ನನಗೂ ಗೊತ್ತಿತ್ತು. ಎದುರಿಗೆ ಹುಲ್ಲಿನ ಮೈದಾನ ಮೆತ್ತಗೆ ಕಾಣುತ್ತಿತ್ತು. ಅದರಾಚೆ ಮೆಕ್ಕೆಜೋಳ ಕೊಯ್ದ ಹೊಲ. ಓರೆಯಾಗಿ ಕೊಯ್ದ ಕೂಳೆ ಒಂದೊಂದೂ ಮೊಳೆಯ ಹಾಗೆ ನಿಂತಿರುತ್ತದೆ. ಹೊಸಬರು ಮೈದಾನದಲ್ಲೇ ಇಳಿಯುತ್ತಾರೆಂದು ಯಾರು ಬರೆದುಕೊಡುತ್ತಾರೆ? ಹೂಂ ಎನ್ನಲು ಬಹಳ ಮನಸ್ಸಾಯಿತು, ಸುಳ್ಳು ಯಾಕೆ ಹೇಳಲಿ. “ಇಮ್ರಾನ್, ಹುಡುಗರನ್ನ ಬಿಡು. ಮೇಡಮ್‌ನ ವಾಪಸ್ ತಾ” ಎಂದೆ.

ಹುಡುಗರು ಇಳಿದರು. ಹಿಂದೆಯೇ ವಿಮಾನವೂ ಇಳಿಯಿತು. ಟೀಚರ್ ಸಾಕ್ಸ್‌ನಲ್ಲಿ ಮೆಟ್ಟಿಲಿಳಿದು ನಿಂತರು, ಮುಖ ನೋಡಲಾಗಲಿಲ್ಲ. ಶಿವಶರಣಪ್ಪ ಎಲ್ಲರ ಮುಂದೆ ಹೆಂಡತಿಯ ಷೂ ಹಿಡಿದು ನಿಂತಿದ್ದರು, ಅವರಿಗೆ ಅದರ ಪರಿವೆಯೂ ಇರಲಿಲ್ಲ. ಗಾಳಿಚೀಲ ಮೆಲ್ಲಗೆ ತಲೆಯೆತ್ತುತ್ತಿತ್ತು. ಬಿಸಿಲೇರಿದ ಹಾಗೆ ಗಾಳಿ ಏಳುತ್ತದೆ, ಒಂದು ಮಿತಿ ದಾಟಿದರೆ ಹೊಸಬರನ್ನು ಬಿಡುವ ಹಾಗಿಲ್ಲ. ನಾನು ಕ್ಯಾಪ್ಟನ್ ಸಾಹೇಬರ ಮುಖ ನೋಡಿದೆ. ಅವರು ಗಾಳಿ ಅಳೆಯುವ ಯಂತ್ರ ನೋಡಿದರು, ರೆಡ್ಡಿಯನ್ನು ನೋಡಿದರು, ಕೊನೆಗೆ ಆ ಷೂಗಳನ್ನು ನೋಡಿದರು. “ಇನ್ನೊಂದೇ ಸಲ. ಮೇಲೆ ಹೋದಾಗ ಗಾಳಿ ಮಿತಿ ದಾಟಿದರೆ ಹಾಗೇ ವಾಪಸ್” ಎಂದರು.

ಬೆಂಚಿಗೆ ಹೋಗಿ ಬರಲು ಹೊತ್ತಿರಲಿಲ್ಲ. ಮೆಟ್ಟಿಲ ಬುಡದಲ್ಲೇ ಮಂಡಿಯೂರಿ ಕೂತು ಅವರ ಲೇಸು ಕಟ್ಟಿದೆ. “ಬ್ಯಾಡ್ರಿ ಸರ್, ಹಿರ್ಯಾರು ನೀವು, ಪಾಪ ಹತ್ತತೈತಿ ನನಗ” ಎಂದು ಅವರು ಕಾಲೆಳೆದರು. “ಪಾಪ ನನಗಿರಲಿ, ಕಾಲು ಕೊಡ್ರಿ” ಎಂದು ಗದರಿದೆ. ಎರಡು ಗಂಟು ಹಾಕಿ ಹಿಮ್ಮಡಿ ಎಳೆದು ನೋಡಿ ಎದ್ದೆ. ಅವರು ಇನ್ನೂ ಹತ್ತಲಿಲ್ಲ. ಮೆಟ್ಟಿಲ ಮೇಲಿನ ಕುಂಕುಮವನ್ನೇ ನೋಡುತ್ತಿದ್ದರು. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಹಾಗೆ ಬಗ್ಗಿ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು, ತಪ್ಪಿಗೆ ಮೊದಲೇ ಕ್ಷಮೆ ಕೇಳುವವರಂತೆ. ಆಮೇಲೆ ಷೂ ಹಾಕಿದ ಕಾಲನ್ನು ಇಟ್ಟು ಹತ್ತಿದರು.

ಗಾಳಿ ಮಿತಿಯೊಳಗೇ ಇತ್ತು. ಮೇಲಿನಿಂದ ಒಂದು ಚುಕ್ಕೆ ಬಿತ್ತು, ಅರಳಿತು. ಶಿವಶರಣಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು. ಪ್ಯಾರಾಶೂಟ್ ಚೆನ್ನಾಗಿ ಬಿಚ್ಚಿತ್ತು, ನೇರ ಹೋಗುತ್ತಿತ್ತು. “ಟೀಚರ್, ಎಡಕ್ಕ ತಿರುಗ್ರಿ” ಎಂದು ವಾಕಿಟಾಕಿಯಲ್ಲಿ ಹೇಳಿದೆ. ತಿರುಗಲಿಲ್ಲ. ಮತ್ತೆ ಹೇಳಿದೆ. ತಿರುಗಲಿಲ್ಲ. ಕೂಗಿದೆ. ಅವರ ಹೆಲ್ಮೆಟ್ಟಿನ ಸ್ಪೀಕರು ಕೆಟ್ಟಿತೇ, ಭಯದಿಂದ ಕೈ ಕಟ್ಟಿಹೋಯಿತೇ ಎಂದು ವಾಕಿಟಾಕಿಯ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದೆ. ಬಹಳ ತಡವಾಗಿ, ಸಾವಕಾಶವಾಗಿ, ಪ್ಯಾರಾಶೂಟ್ ಎಡಕ್ಕೆ ಹೊರಳಿತು. ಅಷ್ಟರಲ್ಲಿ ಮೈದಾನ ದಾಟಿಹೋಗಿತ್ತು. ಮೆಕ್ಕೆಜೋಳದ ಕೂಳೆಯ ನಡುವೆ ಇಳಿದು, ಓಡಿ, ಮುಗ್ಗರಿಸಿ ಕೂತರು.

ನಾವಿಬ್ಬರೂ ಓಡಿದೆವು. ಟೀಚರ್ ನೆಲದಲ್ಲಿ ಕಾಲು ಚಾಚಿ ಕೂತಿದ್ದರು, ಕಣ್ಣಲ್ಲಿ ನೀರಿತ್ತು. ಬಲ ಷೂನ ಪಕ್ಕ ಉದ್ದಕ್ಕೂ ಸೀಳಿತ್ತು, ಅಡಿಯಲ್ಲಿ ಕೂಳೆಯ ಚೂರೊಂದು ನೆಟ್ಟಿತ್ತು. ನಾನು ಕೂತು ಷೂ ಬಿಚ್ಚಿ ಸಾಕ್ಸ್ ತೆಗೆದು ಕಾಲು ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಗೀರೂ ಇರಲಿಲ್ಲ.

“ಏನ್ರಿ ಟೀಚರ್, ಎಡಕ್ಕ ತಿರುಗ್ರಿ ಅಂತ ಬಡ್ಕೊಂಡೆ. ಕೇಳಿಸ್ಲಿಲ್ಲೇನು?”

“ಕೇಳಿಸ್ತ್ರಿ” ಎಂದರು. “ಚಲೋತ್ನಾಗ ಕೇಳಿಸ್ತು. ಆದರ ಒಂದು ಚೂರು ಹೊತ್ತು ಯಾರ ಮಾತೂ ಕೇಳಬಾರ್ದು ಅನಿಸ್ತು. ಮ್ಯಾಲ ಯಾರೂ ಇರಲಿಲ್ರಿ ಸರ್. ನಾ ಒಬ್ಬಾಕೀನ ಇದ್ದೆ.”

ನಾನು ಬೈದೆ. ನನ್ನ ಸುಬೇದಾರರಿಂದ ಕಲಿತದ್ದರಲ್ಲಿ ಟೀಚರೊಬ್ಬರ ಮುಂದೆ ಹೇಳಬಹುದಾದದ್ದನ್ನೆಲ್ಲ ಹೇಳಿದೆ. ಕೂಳೆ ದಾಟಿ, ಮೈದಾನ ದಾಟಿ, ಷೆಡ್ಡು ಮುಟ್ಟುವ ತನಕ ಬೈಯುತ್ತಲೇ ಬಂದೆ. ಅವರು ಕಣ್ಣೊರೆಸಿಕೊಂಡು ನಗುತ್ತಲೇ ಬಂದರು.